ತೋಟದ ಕೆರೆಯಲ್ಲಿ ಕಲಿತು ಕವರತ್ತಿಯಲ್ಲಿ ಕಡಲಾಮೆ ನೋಡಿದ್ದು

ನಮ್ದು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ, ಅಡಿಕೆ ತೋಟ, ತೋಟದ ತಲೆಗೊಂದು ಕೆರೆ. ಆ ಕೆರೆಯಲ್ಲೇ ನಾನು ಎರಡು ತಿಂಗಳು ಸ್ನಾರ್ಕ್ಲಿಂಗಿಗೆ, ಅಂದ್ರೆ ಮಾಸ್ಕ್, ಉಸಿರು ಕೊಳವೆ ಹಾಕ್ಕೊಂಡು ನೀರಿನ ಮೇಲೆ ತೇಲ್ತಾ ಕೆಳಗೆ ನೋಡೋದಕ್ಕೆ, ತಯಾರಿ ಮಾಡಿ ಲಕ್ಷದ್ವೀಪಕ್ಕೆ ಹೋಗಿ ಕಡಲಾಮೆ ಜೊತೆ ಒಂದೇ ನೀರಲ್ಲಿ ಮುಕ್ಕಾಲು ಗಂಟೆ ಇದ್ದು ಬಂದೆ. ಹೋಗಿ ಬಂದ ಮೇಲೆ ನೆಂಟರು, ಸಂಘದವ್ರು ಎಲ್ಲ ಕೇಳಿದ್ದು ಒಂದೇ, ನಿಂಗೆ ಹೆದರಿಕೆ ಆಗ್ಲಿಲ್ವಾ, ನಮ್ಮಂಥವ್ರಿಗೂ ಆಗುತ್ತಾ ಅಂತ. ಆಗುತ್ತೆ ಮಾರಾಯ್ರೆ. ಅದಕ್ಕೇ ಹೇಗೆ ಮಾಡ್ದೆ ಅಂತ ಬರೀತಿದೀನಿ.

ನಾವು ಹೋಗಿದ್ದು ಲಕ್ಷದ್ವೀಪ ಆಡಳಿತದ ಸಮುದ್ರಂ ಪ್ಯಾಕೇಜಲ್ಲಿ. ಕೊಚ್ಚಿಯಿಂದ ಎಂವಿ ಕವರತ್ತಿ ಅನ್ನೋ ಹಡಗು, ಐದು ದಿನ, ರಾತ್ರಿ ಹಡಗು ಹೋಗ್ತಾ ಇರುತ್ತೆ, ಬೆಳಿಗ್ಗೆ ಒಂದೊಂದು ದ್ವೀಪದ ಹತ್ರ ನಿಲ್ಲುತ್ತೆ, ಹಗಲು ಅಲ್ಲಿದ್ದು ಸಂಜೆ ವಾಪಸ್ ಹಡಗಿಗೆ. ಕಲ್ಪೇನಿ, ಮಿನಿಕಾಯ್, ಕವರತ್ತಿ, ಹೀಗೆ ಮೂರು ನಿಲ್ದಾಣ. ಲಕ್ಷದ್ವೀಪಕ್ಕೆ ಪರ್ಮಿಟ್ ಇಲ್ದೆ ಹೋಗೋ ಹಾಗಿಲ್ಲ, ಪೊಲೀಸ್ ಕ್ಲಿಯರೆನ್ಸ್ ಕೂಡ ಕೇಳ್ತಾರೆ, ಅದನ್ನ ಮೊದ್ಲೇ ಮಾಡಿಸ್ಕೊಳ್ಳಿ, ಕೊನೇ ವಾರಕ್ಕೆ ಬಿಡ್ಬೇಡಿ.

ಒಂದು ದ್ವೀಪದಲ್ಲಿ ನಮಗೆ ಸಿಗೋದು ಒಂದೇ ಹಗಲು, ಅದರಲ್ಲಿ ಊಟ, ಓಡಾಟ, ಕುಣಿತ ನೋಡೋದು ಎಲ್ಲ ಕಳೆದು ನೀರಿಗೆ ಅಂತ ಉಳಿಯೋದು ಒಂದು ಗಂಟೆ ಆಸುಪಾಸು. ಆ ಒಂದು ಗಂಟೇಲಿ ಮಾಸ್ಕ್ ಹಾಕೋದು ಹೇಗೆ, ಬಾಯಲ್ಲಿ ಉಸಿರಾಡೋದು ಹೇಗೆ ಅಂತ ಕಲಿಯೋಕೆ ಕೂತ್ರೆ ಆಮೆ ನೋಡೋದು ಯಾವಾಗ? ಕಲಿಯೋದನ್ನ ಊರಲ್ಲೇ ಮುಗಿಸ್ಕೊಂಡು ಹೋಗ್ಬೇಕು ಅಂತ ನಾನು ತೀರ್ಮಾನ ಮಾಡಿದ್ದು ಇದಕ್ಕೇ.

ಈಜು ನಂಗೆ ಚಿಕ್ಕಂದಿನಿಂದ ಬರುತ್ತೆ, ಬಾಳೆದಿಂಡು ಹಿಡ್ಕೊಂಡು ಇದೇ ತರದ ಕೆರೇಲಿ ಕಲಿತಿದ್ದು, ಆಮೇಲೆ ಹೊಳೆ. ಆದ್ರೆ ಸ್ನಾರ್ಕ್ಲಿಂಗ್ ಅಂದ್ರೆ ಈಜಲ್ಲ, ಇದು ತಿಳಿಯೋಕೆ ನಂಗೆ ಒಂದು ವಾರ ಬೇಕಾಯ್ತು. ಈಜೋವಾಗ ನಾವು ಮುಖ ಎತ್ತಿ ಉಸಿರು ತಗೋತೀವಿ, ಕೈಕಾಲು ಬಡೀತೀವಿ. ಇಲ್ಲಿ ಮುಖ ನೀರಲ್ಲೇ ಇರ್ಬೇಕು, ಮೂಗು ಮಾಸ್ಕ್ ಒಳಗೆ ಮುಚ್ಚಿರುತ್ತೆ, ಕೊಳವೆಯಲ್ಲಿ ಬಾಯಿಂದ ಉಸಿರಾಡ್ತಾ ಸುಮ್ನೆ ತೇಲ್ತಾ ಇರ್ಬೇಕು. ಮುಖ ನೀರಲ್ಲಿದ್ದಾಗ ಉಸಿರು ಎಳೀಬೇಡ ಅಂತ ಮೈ ಹೇಳುತ್ತೆ, ಹುಟ್ಟಿದಾಗಿಂದ ಇರೋ ಅಭ್ಯಾಸ ಅದು, ಅದನ್ನ ಬಿಡಿಸೋಕೆ ದಿನಾ ಮಾಡ್ಬೇಕು, ಬೇರೆ ದಾರಿ ಇಲ್ಲ.

ಮೊದ್ಲು ಮಾಸ್ಕ್ ವಿಷಯ. ನಂಗೆ ಕನ್ನಡಕ, ಎರಡೂ ಕಣ್ಣಿಗೆ ಮೈನಸ್ ನಾಲ್ಕೂವರೆ. ಬಾಡಿಗೆಗೆ ಕೊಡೋ ಮಾಸ್ಕಲ್ಲಿ ಪವರ್ ಇರಲ್ಲ, ಕನ್ನಡಕ ಹಾಕ್ಕೊಂಡು ಮಾಸ್ಕ್ ಹಾಕೋಕೂ ಆಗಲ್ಲ, ಕಡ್ಡಿ ಅಡ್ಡ ಬಂದು ಸಂದಿಯಲ್ಲಿ ನೀರು ನುಗ್ಗುತ್ತೆ. ಪವರ್ ಗ್ಲಾಸ್ ಕೂರಿಸಿದ ಮಾಸ್ಕ್ ಸಿಗುತ್ತೆ, ಆನ್‌ಲೈನಲ್ಲಿ ತರಿಸ್ದೆ. ಕನ್ನಡಕದವ್ರು ಬೇರೆ ಯಾವುದಕ್ಕೆ ಖರ್ಚು ಮಾಡ್ಲಿ ಬಿಡ್ಲಿ, ಇದಕ್ಕೆ ಮಾಡಿ, ಇಲ್ದಿದ್ರೆ ಅಷ್ಟು ದೂರ ಹೋಗಿ ಮಂಜು ಮಂಜು ನೋಡ್ಕೊಂಡು ಬರ್ತೀರಿ. ಮುಖಕ್ಕೆ ಕೂರುತ್ತೋ ಇಲ್ವೋ ನೋಡೋದು ಸುಲಭ, ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿಂದ ಸ್ವಲ್ಪ ಉಸಿರು ಎಳೆದು ಕೈ ಬಿಡಿ, ಬೀಳದೆ ಅಂಟ್ಕೊಂಡಿದ್ರೆ ಸರಿ. ಹಣೆ ಮೇಲಿನ ಕೂದಲು ಒಂದೆಳೆ ಸಿಕ್ಕಿಹಾಕ್ಕೊಂಡ್ರೂ ನೀರು ಬರುತ್ತೆ. ನಮ್ಮನೆಯವ್ರಿಗೆ ಮೀಸೆ, ಅವ್ರಿಗೆ ಎಷ್ಟು ಬಿಗಿ ಮಾಡಿದ್ರೂ ಸೋರ್ತಿತ್ತು, ಬಿಗಿ ಮಾಡಿದಷ್ಟೂ ಜಾಸ್ತಿ ಸೋರುತ್ತೆ ಅಂತ ಆಮೇಲೆ ಗೊತ್ತಾಯ್ತು. ಕೊನೆಗೆ ಮೂಗಿನ ಕೆಳಗೆ ಒಂದು ಸಣ್ಣ ಪಟ್ಟಿಯಷ್ಟು ಮೀಸೆ ತೆಗೆದ್ರು, ನಿಂತ್ಹೋಯ್ತು.

ಹೊಸ ಮಾಸ್ಕ್ ಮಂಜು ಹಿಡಿಯುತ್ತೆ, ಗ್ಲಾಸ್ ಒಳಗೆ ಕಂಪನಿಯಿಂದ ಬಂದ ಒಂದು ಜಿಡ್ಡು ಇರುತ್ತೆ, ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ಮೂರ್ನಾಲ್ಕು ಸಲ ಉಜ್ಜಿ ತೊಳೆದೆ. ನೀರಿಗಿಳಿಯೋ ಮುಂಚೆ ಒಂದು ತೊಟ್ಟು ಬೇಬಿ ಶಾಂಪೂ ಸವರಿ ಹಗುರಕ್ಕೆ ಜಾಲಿಸಿದ್ರೆ ಸಾಕು. ಮುಖ ಪೂರ್ತಿ ಮುಚ್ಚೋ ದೊಡ್ಡ ಮಾಸ್ಕ್ ಈಗ ಬಹಳ ಜನ ತಗೋತಾರೆ, ನಾನು ಬೇಡ ಅಂದೆ, ನೀರು ಒಳಗೆ ಬಂದ್ರೆ ಬಾಯಿಂದ ಕೊಳವೆ ಉಗುಳಿ ಥಟ್ಟನೆ ಗಾಳಿ ತಗೊಳ್ಳೋ ಹಾಗಿರಲ್ಲ ಅದರಲ್ಲಿ.

ಕೆರೆಯಲ್ಲಿ ಸಾಯಂಕಾಲ ಬಿಸಿಲು ಇಳಿದ ಮೇಲೆ ಅರ್ಧ ಗಂಟೆ. ಮೊದಲ ಮೂರು ದಿನ ಎದೆಮಟ್ಟ ನೀರಲ್ಲಿ ನಿಂತೇ ಮುಖ ಮುಳುಗಿಸಿ ಉಸಿರಾಡೋದು, ಅಷ್ಟೇ. ಆಮೇಲೆ ಕೊಳವೆಗೆ ಬೇಕಂತಲೇ ನೀರು ತುಂಬಿಸಿ ಫೂ ಅಂತ ಒಂದೇ ಉಸಿರಿಗೆ ಊದಿ ಹೊರಗೆ ಹಾಕೋದು, ಇದನ್ನ ನೂರು ಸಲನಾದ್ರೂ ಮಾಡಿದೀನಿ, ಯಾಕಂದ್ರೆ ಸಮುದ್ರದಲ್ಲಿ ಅಲೆ ಬಂದು ಕೊಳವೆಗೆ ನೀರು ಹೋಗೇ ಹೋಗುತ್ತೆ. ಅತ್ತೆ ದಂಡೆ ಮೇಲೆ ಕೂತಿರೋರು. ನಾನು ಅಲ್ಲಾಡದೆ ತೇಲ್ತಿದ್ರೆ ಅವ್ರಿಗೆ ಜೀವ ಬಾಯಿಗೆ ಬರೋದು, "ಏ, ಒಂದ್ಸಲ ಕೈ ಎತ್ತೇ" ಅಂತ ಕೂಗೋರು, ನಾನು ಕೈ ಎತ್ತಿದ್ಮೇಲೆ ಸಮಾಧಾನ. ಒಬ್ರೇ ಮಾತ್ರ ನೀರಿಗೆ ಇಳೀಬೇಡಿ, ಎಷ್ಟೇ ಈಜು ಬರ್ಲಿ, ದಂಡೇಲಿ ಒಬ್ರು ಇರ್ಲೇಬೇಕು.

ನಮ್ಮ ಕೆರೇಲೂ ಆಮೆ ಇದಾವೆ, ಕಪ್ಪು ಚಿಪ್ಪಿನವು, ಕಲ್ಲಿನ ಮೇಲೆ ಬಿಸಿಲು ಕಾಯಿಸ್ತಾ ಕೂತಿದ್ದು ಹೆಜ್ಜೆ ಸಪ್ಪಳಕ್ಕೇ ಬುಳುಕ್ ಅಂತ ನೀರಿಗೆ. ಹಿಡಿದ್ರೆ ತಲೆ ಕಾಲು ಎಲ್ಲ ಒಳಗೆ ಎಳ್ಕೊಂಡು ಕಲ್ಲಾಗಿಬಿಡ್ತಾವೆ. ಕಡಲಾಮೆಗೆ ಇದು ಆಗಲ್ಲ ಅಂತ ಹೊರಡೋ ಮುಂಚೆ ಓದ್ವಾಗ ತಿಳೀತು, ಅದರ ತಲೆಯಾಗ್ಲಿ ರೆಕ್ಕೆ ತರದ ಕಾಲಾಗ್ಲಿ ಚಿಪ್ಪಿನೊಳಗೆ ಹೋಗಲ್ಲ. ಹೆದರಿಸಿದ್ರೆ ಅದಕ್ಕೆ ಇರೋದು ಈಜಿ ತಪ್ಪಿಸ್ಕೊಳ್ಳೋದೊಂದೇ. ಇದು ನನ್ನ ಮನಸ್ಸಲ್ಲಿ ಕೂತುಬಿಡ್ತು, ಅಲ್ಲಿ ನೀರಿಗಿಳಿದ ಮೇಲೆ ನಾನು ಹೇಗಿರ್ಬೇಕು ಅನ್ನೋದು ಅಲ್ಲೇ ತೀರ್ಮಾನ ಆಯ್ತು.

ಪ್ರಯಾಣ ಬೇಗ ಹೇಳ್ತೀನಿ. ಆಗುಂಬೆ ಇಳಿದು ಮಂಗಳೂರು, ಅಲ್ಲಿಂದ ರೈಲಲ್ಲಿ ಎರ್ನಾಕುಲಂ. ಆಗುಂಬೆ ಘಾಟಿಯ 14 ತಿರುವಿಗೇ ವಾಂತಿ ಬರೋರು ಹಡಗಿಗೂ ಅವೋಮಿನ್ ಮಾತ್ರೆ ಇಟ್ಕೊಳ್ಳಿ, ಹೊಟ್ಟೆ ತೊಳೆಸೋಕೆ ಶುರುವಾದ ಮೇಲೆ ನುಂಗಿದ್ರೆ ಪ್ರಯೋಜನ ಕಮ್ಮಿ, ಮುಂಚೇನೇ ತಗೋಬೇಕು. ಅದು ನಿದ್ದೆ ತರುತ್ತೆ, ಹಾಗಾಗಿ ನಾನು ರಾತ್ರಿ ತಗೊಂಡೆ, ನೀರಿಗಿಳಿಯೋ ಬೆಳಿಗ್ಗೆ ತಗೊಳ್ಳಿಲ್ಲ.

ಕಲ್ಪೇನಿ ಮೊದಲನೇ ದಿನ. ದೊಡ್ಡ ಹಡಗು ಹವಳದ ದಿಬ್ಬದ ಹೊರಗೇ ನಿಲ್ತು, ನಮ್ಮನ್ನ ಸಣ್ಣ ಬೋಟಿಗೆ ಇಳಿಸಿದ್ರು, ಬೋಟು ಅಲೆಗೆ ಆಳೆತ್ತರ ಮೇಲೆ ಕೆಳಗೆ ಆಗ್ತಿರುತ್ತೆ, ಹಡಗಿನವ್ರು ರಟ್ಟೆ ಹಿಡಿದು ಈಗ ಅಂದಾಗ ಕಾಲಿಡ್ಬೇಕು, ನಾವೇ ಲೆಕ್ಕ ಹಾಕೋಕೆ ಹೋಗ್ಬಾರ್ದು. ದಿಬ್ಬ ದಾಟಿ ಒಳಗೆ ಬಂದ್ರೆ ಲಗೂನ್, ಅಲ್ಲಿ ಅಲೆ ಇಲ್ಲ, ನೀರಿನ ಬಣ್ಣ ಹೇಳೋಕೆ ನಂಗೆ ಬರಲ್ಲ, ನಮ್ಮ ಕಡೆ ಅಂಥ ಬಣ್ಣ ಯಾವುದಕ್ಕೂ ಇಲ್ಲ. ಲೈಫ್ ಜಾಕೆಟ್ ಹಾಕಿಸ್ಕೊಂಡೇ ಬಿಡೋದು. ಉಪ್ಪು ನೀರು ಬೇರೆ, ಜಾಕೆಟ್ ಬೇರೆ, ಕೆರೇಲಿ ಕಾಲು ಕೆಳಗೆ ಜಗ್ಗುತ್ತಿದ್ದ ನಂಗೆ ಇಲ್ಲಿ ಮುಳುಗೋಕೇ ಆಗಲ್ಲ ಅನ್ನೋ ಹಾಗೆ, ಬಾಳೆದಿಂಡು ಕಟ್ಕೊಂಡ ಹಾಗೇ ಇತ್ತು. ಆದ್ರೂ ಮೊದಲ ಐದು ನಿಮಿಷ ಎದೆ ಡವಡವ, ಉಪ್ಪು ನೀರು ಗಂಟಲಿಗೆ ಹೋಗಿ ಕೆಮ್ಮು, ಜಾಕೆಟ್ ಸಡಿಲ ಇತ್ತು ಅದು ಗಲ್ಲಕ್ಕೆ ಏರಿ ಮಾಸ್ಕ್ ತಳ್ತಿತ್ತು. ನಿಂತು ಪಟ್ಟಿ ಬಿಗಿ ಮಾಡ್ಕೊಂಡು, ಕಣ್ಣು ಮುಚ್ಚಿ, ಕೆರೇಲಿದೀನಿ ಅಂದ್ಕೊಂಡು ಹತ್ತು ಉಸಿರು ನಿಧಾನ ಎಣಿಸಿದೆ. ಹನ್ನೊಂದನೇದಕ್ಕೆ ಸರಿಯಾಯ್ತು.

ಅಲ್ಲಿ ಹವಳ ನೋಡಿ ಸಂತೋಷದ ಜೊತೆ ಸಂಕಟಾನೂ ಆಯ್ತು. ಬಣ್ಣಬಣ್ಣದ ಮೀನು ಇದಾವೆ, ಆದ್ರೆ ಎಷ್ಟೋ ಕಡೆ ಹವಳ ಸತ್ತು ಬೂದಿ ಬಣ್ಣ, ಬೆಂಕಿ ಬಿದ್ದ ಗುಡ್ಡದ ಹಾಗೆ. ಸಮುದ್ರದ ನೀರು ಬಿಸಿಯಾಗಿ ಹವಳ ಬಿಳಿಚಿಕೊಳ್ಳೋದು ಲಕ್ಷದ್ವೀಪದಲ್ಲಿ 1998, 2010, 2016 ಆಮೇಲೆ 2024ರಲ್ಲೂ ಆಗಿದೆ. ಹಾಗಿರೋವಾಗ ಬದುಕಿರೋದರ ಮೇಲೆ ನಾವು ಕಾಲಿಟ್ಟು ನಿಲ್ಲೋದು ಬೇಡ ಅಂತ ಕೈ ಮುಗಿದು ಕೇಳ್ತೀನಿ. ಸುಸ್ತಾದ್ರೆ ಅಂಗಾತ ಮಲಗಿ, ಜಾಕೆಟ್ ಎತ್ತಿ ಹಿಡಿಯುತ್ತೆ. ಸನ್‌ಸ್ಕ್ರೀನ್ ಕೂಡ ಕೆಲವದ್ರಲ್ಲಿ ಹವಳಕ್ಕೆ ಆಗದ ಕೆಮಿಕಲ್ ಇರುತ್ತೆ, ನಾನು ಕ್ರೀಮಿನ ಬದಲು ಉದ್ದ ತೋಳಿನ ಈಜುಡುಗೆ, ಕಾಲಿಗೆ ಪೂರ್ತಿ ಲೆಗ್ಗಿಂಗ್ಸ್ ಹಾಕಿದ್ದೆ. ಬೋರಲು ಮಲಗಿ ತೇಲೋವಾಗ ಬಿಸಿಲು ಬೀಳೋದು ಮೀನಖಂಡಕ್ಕೆ, ನಮ್ಮನೆಯವ್ರು ಚಡ್ಡಿ ಹಾಕಿದ್ರು, ಮೂರು ದಿನ ಕಾಲು ಮಡಿಸೋಕೆ ಆಗ್ಲಿಲ್ಲ ಅವ್ರಿಗೆ.

ಕಲ್ಪೇನಿಯಲ್ಲಿ ಆಮೆ ಕಾಣ್ಲಿಲ್ಲ. ಮಿನಿಕಾಯಲ್ಲಿ ನಾನು ನೀರಿಗೆ ಇಳಿಯದೆ 1885ರ ಲೈಟ್‌ಹೌಸ್ ನೋಡ್ಕೊಂಡು ಬಂದೆ, ಮೈಗೆ ವಿಶ್ರಾಂತಿ ಬೇಕಿತ್ತು.

ಕವರತ್ತಿ ಕೊನೇದು. ನಮ್ಮ ಜೊತೆ ನೀರಿಗೆ ಬಂದ ಹುಡುಗ ಅಲ್ಲಿಯವನೇ, ನನ್ನ ಚೇಚಿ, ಅಂದ್ರೆ ಅಕ್ಕ, ಅಂತಿದ್ದ, ಅವನ ಮಲಯಾಳಂ ನಂಗೆ ಅರ್ಧಂಬರ್ಧ. ಅವನು ನಮ್ಮನ್ನ ಹವಳದ ಕಡೆ ಕರ್ಕೊಂಡು ಹೋಗ್ಲಿಲ್ಲ, ಹುಲ್ಲಿನ ಕಡೆ ಕರ್ಕೊಂಡು ಹೋದ. ಲಗೂನ್ ತಳದಲ್ಲಿ ಕಡಲಹುಲ್ಲು ಬೆಳೆಯುತ್ತೆ, ನೋಡೋಕೆ ಥೇಟ್ ಹುಲ್ಲೇ, ಹಸಿರು ಕಡಲಾಮೆ ಬೆಳೆದ ಮೇಲೆ ಮುಖ್ಯವಾಗಿ ತಿನ್ನೋದು ಅದನ್ನೇ. ಹಸಿರು ಅನ್ನೋ ಹೆಸರು ಚಿಪ್ಪಿನಿಂದ ಬಂದಿದ್ದಲ್ಲ, ಒಳಗಿನ ಕೊಬ್ಬು ಹಸಿರು ಇರುತ್ತಂತೆ. ಇಲ್ಲಿನ ಲಗೂನುಗಳಲ್ಲಿ ಆಮೆ ಮೇಯ್ದು ಮೇಯ್ದು ಹುಲ್ಲೇ ಕಮ್ಮಿಯಾದದ್ದನ್ನ ಅಗತ್ತಿ ದ್ವೀಪದಲ್ಲಿ ಸಂಶೋಧಕರು ದಾಖಲು ಮಾಡಿದಾರೆ. ದನ ಎಲ್ಲಿದೆ ಅಂದ್ರೆ ಹುಲ್ಲಿರೋ ಬ್ಯಾಣದಲ್ಲಿ ನೋಡು ಅನ್ನೋ ನಮ್ಮೂರಿನ ಲೆಕ್ಕವೇ.

ಎರಡಾಳು ನೀರು ಇರ್ಬಹುದು. ಮೊದ್ಲು ನಾನು ಅದನ್ನ ಬಂಡೆ ಅಂದ್ಕೊಂಡೆ. ಬಂಡೆ ಬಾಯಿ ಆಡಿಸ್ತು. ಹುಲ್ಲು ಕಚ್ಚಿ ತಲೆ ಪಕ್ಕಕ್ಕೆ ಎಳೆದು ಕೀಳೋದು, ಥೇಟ್ ನಮ್ಮ ಗೌರಿ ಮೇಯೋ ಹಾಗೆ, ಮೈ ಮೇಲೆ ಪಾಚಿ, ಬೆನ್ನಿಗೆ ಒಂದು ಉದ್ದನೆ ಮೀನು ಅಂಟ್ಕೊಂಡಿತ್ತು. ನಂಗೆ ಮಾಸ್ಕ್ ಒಳಗೇ ಕಣ್ಣು ತುಂಬಿ ಬಂತು. ಹುಡುಗ ಅಂಗೈ ಕೆಳಗೆ ಮಾಡಿ ತೋರಿಸ್ದ, ನೀರಿಂದ ಮುಖ ಎತ್ತಿ "ಪದುಕ್ಕೆ ಚೇಚಿ, ಪದುಕ್ಕೆ" ಅಂದ. ನಿಧಾನ ಅಂತ.

ನಾನು ಮಾಡಿದ್ದು ಇಷ್ಟು. ನೇರ ಅದರ ಮೇಲಕ್ಕೆ ಹೋಗ್ಲಿಲ್ಲ, ಹಿಂದಿನಿಂದನೂ ಹೋಗ್ಲಿಲ್ಲ, ಅದಕ್ಕೆ ಕಾಣೋ ಹಾಗೆ ಪಕ್ಕದಲ್ಲಿ ನಾಲ್ಕು ಮಾರು ದೂರ ನಿಂತೆ, ನಿಂತೆ ಅಂದ್ರೆ ತೇಲ್ದೆ. ಕೈ ಎರಡೂ ಎದೆ ಹತ್ರ. ಫಿನ್ಸ್, ಅಂದ್ರೆ ಬಾತುಕೋಳಿ ಪಾದದ ತರದ್ದು, ಹಾಕಿದ ಕಾಲು ಬಡಿದ್ರೆ ಆಮೆ ಬೆದರುತ್ತೆ, ಹಾಗಾಗಿ ಕಾಲೂ ಸುಮ್ನೆ. ಮೇಲೆ ನಿಲ್ಬಾರ್ದು ಅಂತ ಹೇಳೋಕೆ ಕಾರಣ ಇದೆ, ಆಮೆ ಶ್ವಾಸಕೋಶದಲ್ಲಿ ಉಸಿರಾಡೋ ಪ್ರಾಣಿ, ಮೇಯೋವಾಗ ಆಗಾಗ ಮೇಲೆ ಬರ್ಲೇಬೇಕು, ದಾರೀಲಿ ನಾವು ಅಡ್ಡ ಇದ್ರೆ ಅದು ಉಸಿರು ತಗೊಳ್ಳದೆ ತಿರುಗಿ ಹೋಗುತ್ತೆ. ತುಂಗೆಯ ಚಿಬ್ಬಲಗುಡ್ಡೆಯಲ್ಲಿ ಮತ್ಸ್ಯಧಾಮದ ಮೀನು ಯಾಕೆ ಕಾಲ ಹತ್ರಕ್ಕೆ ಬರ್ತಾವೆ ಹೇಳಿ, ಅಲ್ಲಿ ಯಾರೂ ಹಿಡಿಯಲ್ಲ ಅಂತ ಅವಕ್ಕೆ ಗೊತ್ತು. ಇಲ್ಲೂ ಹಾಗೇ ಆಯ್ತು. ಸ್ವಲ್ಪ ಹೊತ್ತು ಆದ್ಮೇಲೆ ಆಮೆ ರೆಕ್ಕೆ ಬಿಚ್ಚಿ ಮೇಲೆದ್ದು ನನ್ನ ಕಡೆಗೇ ಓರೆಯಾಗಿ ಬಂತು, ಒಂದು ಮಾರು ದೂರದಲ್ಲಿ ನೀರಿಂದ ತಲೆ ಹೊರಗೆ ಹಾಕ್ತು, ಫುಸ್ಸ್ ಅಂತ ಉಸಿರು ಬಿಟ್ಟಿದ್ದು ನಂಗೆ ಕೇಳಿಸ್ತು. ನಾನೂ ಕೊಳವೇಲಿ ಉಸಿರು ಬಿಡ್ತಿದ್ದೆ. ಎರಡು ಸಲ ಉಸಿರು ತಗೊಂಡು ಮತ್ತೆ ಹುಲ್ಲಿಗೆ ಇಳೀತು.

ಆಮೇಲೆ ಬೇರೆ ಗುಂಪಿನ ಮೂರು ಜನ ವಿಡಿಯೋ ಮಾಡೋಕೆ ಅಂತ ಕಾಲು ಬಡೀತಾ ಬಂದ್ರು, ಒಬ್ಬ ಚಿಪ್ಪು ಮುಟ್ಟೋಕೆ ಕೈ ಚಾಚಿದ, ಎರಡೇ ಬೀಸಿಗೆ ಆಮೆ ಕಾಣೆ. ನಂಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದಡಕ್ಕೆ ಬಂದ ಮೇಲೆ ಆ ಕೈ ಚಾಚಿದವನ ಹತ್ರ ಹೋಗಿ ನೇರ ಹೇಳ್ದೆ, ನೋಡಪ್ಪ, ವನ್ಯಜೀವಿ ಕಾಯ್ದೆಯಲ್ಲಿ ಇದು ಹುಲಿ ಇರೋ ಮೊದಲನೇ ಪಟ್ಟಿಯಲ್ಲೇ ಇದೆ, ಹುಲಿ ಬಾಲ ಹಿಡೀತೀಯಾ ನೀನು ಅಂತ. ಅವನು ಸಾರಿ ಆಂಟಿ, ಗೊತ್ತಿರ್ಲಿಲ್ಲ ಅಂದ, ಮುಖ ನೋಡಿದ್ರೆ ನಿಜವಾಗ್ಲೂ ಗೊತ್ತಿರ್ಲಿಲ್ಲ ಅನ್ನಿಸ್ತು. ನೀರಿಗೆ ಇಳಿಸೋ ಮುಂಚೆ ಐದು ನಿಮಿಷ ಕೂರಿಸಿ ಇದನ್ನ ಹೇಳ್ಬೇಕಿತ್ತು, ಜಾಕೆಟ್ ಹಾಕಿಸೋಕೆ ತೋರಿಸಿದ ಕಾಳಜಿ ಇದಕ್ಕೂ ಬೇಕಿತ್ತು.

ನಮ್ಮ ಟೈಮ್ ಮುಗಿಯೋ ಮುಂಚೆ ಇನ್ನೊಂದು ಸಿಕ್ತು, ಚಿಕ್ಕದು, ಅದನ್ನ ನಮ್ಮನೆಯವ್ರು ನೋಡಿದ್ರು, ನನ್ನ ಕೈ ಹಿಡಿದು ಎರಡು ಸಲ ಅದುಮಿದ್ರು, ಅದು ನಾವು ಕೆರೇಲಿ ಮಾಡ್ಕೊಂಡಿದ್ದ ಸನ್ನೆ, ನೋಡು ಅಂತ. ನೀರೊಳಗೆ ಮಾತಿಲ್ವಲ್ಲ, ಇಂಥ ಒಂದೆರಡು ಸನ್ನೆ ಮೊದ್ಲೇ ಮಾಡ್ಕೊಂಡು ಹೋಗಿ.

ಊರಿಗೆ ಬಂದು ಮಾಸ್ಕ್ ಎರಡನ್ನೂ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಪಂಪ್‌ಹೌಸಿನ ಮೊಳೆಗೆ ನೇತುಹಾಕಿದೀನಿ. ಬೇಸಿಗೆ ರಜೆಗೆ ತಂಗಿ ಮಗ ಬರ್ತಾನೆ, ಅವನಿಗೆ ಬಾಳೆದಿಂಡು ಕಡಿದು ಇಡಿ ಅಂತ ಅತ್ತೆ ಈಗ್ಲೇ ಹೇಳಿಯಾಗಿದೆ, ದಂಡೇಲಿ ಕೂರೋಕೆ ಅವ್ರೇ ಬರ್ತಾರಂತೆ.