ಐದು ಮನೆಯ ಇಂಗ್ಲಿಷ್ ಪದ: ಕಿವಿ ನಂಬಬೇಡಿ, ಜೋಡಿ ಹುಡುಕಿ

‘ಐದು ಅಕ್ಷರದ ಇಂಗ್ಲಿಷ್ ಪದ ಹೇಳಿ, ಅದರಲ್ಲಿ ಜಿ, ಎಚ್, ಟಿ ಮೂರೂ ಇರಬೇಕು.’ ಪದಸ್ಪರ್ಧೆಗಳಲ್ಲಿ ಇಂಥ ಪ್ರಶ್ನೆ ಬಂದಾಗ ಮೈಸೂರು, ಮಂಡ್ಯ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ತಡಕಾಡುವುದು ಪದ ಗೊತ್ತಿಲ್ಲದೆ ಅಲ್ಲ. ಕನ್ನಡದಲ್ಲಿ ಕೇಳಿದ್ದನ್ನು ಬರೆಯುತ್ತೇವೆ, ಬರೆದದ್ದನ್ನು ಓದುತ್ತೇವೆ. ಹಾಗಾಗಿ ಪದವನ್ನು ಸದ್ದು ಹಿಡಿದೇ ಹುಡುಕುವುದು ರೂಢಿಯಾಗಿಬಿಟ್ಟಿದೆ. ‘ನೈಟ್’ ಎಂದಾಗ ಜಿ ಆಗಲಿ ಎಚ್ ಆಗಲಿ ಕಿವಿಗೆ ಬೀಳುವುದೇ ಇಲ್ಲ. ಬೀಳದ ಅಕ್ಷರ ನೆನಪಿಗೂ ಬರುವುದಿಲ್ಲ.

ಜಾಶ್ ವಾರ್ಡಲ್ 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ತೆರೆದಿಟ್ಟ, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡ ‘ವರ್ಡಲ್’ ಎಂಬ ಆನ್‌ಲೈನ್ ಆಟದಲ್ಲೂ ಇದೇ ತೊಡಕು. ಬಚ್ಚಿಟ್ಟ ಇಂಗ್ಲಿಷ್ ಪದವನ್ನು ಊಹಿಸಬೇಕು: ಐದು ಅಕ್ಷರ, ಆರು ಪ್ರಯತ್ನ. ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಪದದಲ್ಲಿದ್ದೂ ಜಾಗ ತಪ್ಪಿದ್ದರೆ ಹಳದಿ, ಇಲ್ಲವೇ ಇಲ್ಲದಿದ್ದರೆ ಬೂದು. ಸ್ಪರ್ಧೆಯಾಗಲಿ, ಈ ಆಟವಾಗಲಿ, ಹುಡುಕುವ ದಾರಿ ಒಂದೇ.

ಮೊದಲು ಮನೆ ಹಾಕಿ

ಲೆಕ್ಕಕ್ಕೆ ಬಳಸುವ ಚೌಕದ ಗೆರೆಯ ನೋಟ್‌ಬುಕ್ ತೆಗೆದುಕೊಂಡು ಪೆನ್ಸಿಲಿನಲ್ಲಿ ಐದು ಮನೆ ಹಾಕಿ. ಜಾಗ ಖಚಿತವಾದ ಅಕ್ಷರ ಮನೆಯೊಳಗೆ. ಪದದಲ್ಲಿ ಇದೆ, ಆದರೆ ಎಲ್ಲಿದೆ ಗೊತ್ತಿಲ್ಲ ಎನ್ನುವ ಅಕ್ಷರ ಮೇಲೆ. ಅದು ಯಾವ ಮನೆಯಲ್ಲಿ ಇಲ್ಲವೆಂದು ತಿಳಿದಿದೆಯೋ ಆ ಮನೆಯ ಕೆಳಗೆ ಅದೇ ಅಕ್ಷರವನ್ನು ಚಿಕ್ಕದಾಗಿ ಬರೆದು ಹೊಡೆದುಹಾಕಿ. ಈ ಕೊನೆಯ ಕೆಲಸವನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಆಮೇಲೆ ಅದೇ ಅಕ್ಷರವನ್ನು ಅದೇ ಮನೆಗೆ ಮತ್ತೆ ತುಂಬಿ ಒಂದು ಪ್ರಯತ್ನ ಹಾಳುಮಾಡಿಕೊಳ್ಳುತ್ತಾರೆ.

ಜೋಡಿಯನ್ನು ಸರಿಸುತ್ತಾ ಹೋಗಿ

ಒಂದೊಂದೇ ಅಕ್ಷರ ಇಟ್ಟು ನೋಡಿದರೆ ಕೆಲಸ ಮುಗಿಯುವುದಿಲ್ಲ. ಜಿ-ಎಚ್, ಟಿ-ಎಚ್, ಎಸ್-ಎಚ್, ಸಿ-ಎಚ್, ಸಿ-ಕೆ ಇವು ಒಟ್ಟಿಗೇ ಓಡಾಡುವ ಜೋಡಿಗಳು. ಸಿ-ಕೆ ಪದದ ಮೊದಲಿಗೆ ಬರುವುದಿಲ್ಲ. ದಿನಬಳಕೆಯ ಪದಗಳು ಜೆ, ವಿ ಅಕ್ಷರಗಳಲ್ಲಿ ಕೊನೆಯಾಗುವುದು ತೀರಾ ಅಪರೂಪ. ಕ್ಯೂ ಕಂಡರೆ ಪಕ್ಕದ ಮನೆಗೆ ಯು ಹಾಕಿಬಿಡಿ.

ಈಗ ಆ ಜಿ, ಎಚ್, ಟಿ ಪ್ರಶ್ನೆಯನ್ನೇ ಬಿಡಿಸೋಣ. ಜಿ-ಎಚ್ ಒಂದೇ ತುಂಡು ಎಂದುಕೊಳ್ಳಿ. ಮೂರು ಮತ್ತು ನಾಲ್ಕನೇ ಮನೆಗೆ ಅದನ್ನು ಕೂರಿಸಿ, ಕೊನೆಗೆ ಟಿ, ಎರಡನೇ ಮನೆಗೆ ಐ ಇಟ್ಟರೆ ಒಂದು ಗುಂಪೇ ಸಿಗುತ್ತದೆ: ಫೈಟ್ ಅಂದರೆ ಜಗಳ, ಲೈಟ್ ಬೆಳಕು, ಮೈಟ್ ಬಲ, ನೈಟ್ ರಾತ್ರಿ, ರೈಟ್ ಸರಿ, ಸೈಟ್ ನೋಟ, ಟೈಟ್ ಬಿಗಿ, ಏಟ್ ಎಂಟು. ನಾವು ಕೊಳ್ಳುವ, ಮಾರುವ ಸೈಟ್ ಬೇರೆ. ಅದು ಎಸ್-ಐ-ಟಿ-ಇ, ನಾಲ್ಕೇ ಅಕ್ಷರ. ‘ಬರೆ’ ಎನ್ನುವ ರೈಟ್ ಕೂಡ ಐದಕ್ಷರದ್ದೇ, ಆದರೆ ಡಬ್ಲ್ಯೂ-ಆರ್-ಐ-ಟಿ-ಇ. ಇಲ್ಲಿ ನಡೆಯುವುದಿಲ್ಲ.

ಐ ತೆಗೆದು ಮೊದಲ ಎರಡು ಮನೆಗೆ ಒ-ಯು ಇಟ್ಟರೆ ‘ಮಾಡತಕ್ಕದ್ದು’ ಎಂಬರ್ಥದ ಆಟ್. ಜಿ-ಎಚ್ ಮೊದಲಿಗೆ ಬಂದರೆ ಜಿ-ಎಚ್-ಒ-ಎಸ್-ಟಿ, ಗೋಸ್ಟ್, ದೆವ್ವ. ಕೊನೆಗೆ ಹೋದರೆ ಟಿ-ಒ-ಯು-ಜಿ-ಎಚ್, ಟಫ್, ಗಟ್ಟಿ. ಟಿ-ಎಚ್-ಐ-ಜಿ-ಎಚ್ ಆದರೆ ಥೈ, ತೊಡೆ. ಇಷ್ಟಾದ ಮೇಲೆ ಜೋಡಿ ಬದಲಿಸಿ. ಟಿ-ಎಚ್ ಮುಂದಿಟ್ಟರೆ ಥಿಂಗ್ ಅಂದರೆ ವಸ್ತು, ಥಾಂಗ್ ಅಂದರೆ ತೊಗಲಿನ ಬಾರು. ಹಿಂದಿಟ್ಟರೆ ಜಿ-ಐ-ಆರ್-ಟಿ-ಎಚ್, ಗರ್ತ್, ಮರದ ಬೊಡ್ಡೆಯಂಥದ್ದರ ಸುತ್ತಳತೆ. ಒಂದೂ ತೋಚದ ಕಡೆ ಹದಿನೈದು ಪದ ಸಿಕ್ಕವು.

ಕಿವಿ ಎಲ್ಲಿ ಮೋಸ ಮಾಡುತ್ತದೆ

ಕೆ ಇಂದ ಶುರುವಾಗುವ ಪದ ಕೇಳಿದರೆ ‘ಕ’ ಸದ್ದನ್ನಷ್ಟೇ ಹುಡುಕಬೇಡಿ. ನೈಫ್, ನಾಕ್, ನೀಲ್ ಮೂರೂ ಕೆ-ಎನ್ ಪದಗಳು: ಚಾಕು, ಬಾಗಿಲು ತಟ್ಟು, ಮಂಡಿಯೂರು. ಡಬ್ಲ್ಯೂ ಕೇಳಿದರೆ ಮಣಿಕಟ್ಟಿನ ರಿಸ್ಟ್, ತಪ್ಪು ಎನ್ನುವ ರಾಂಗ್ ನೆನೆಯಿರಿ. ಬಿ ಕೊನೆಯಲ್ಲಿ ಬೇಕೆಂದರೆ ಹೆಬ್ಬೆರಳಿನ ಥಂಬ್, ಹತ್ತು ಎನ್ನುವ ಕ್ಲೈಂಬ್, ಚೂರು ಎನ್ನುವ ಕ್ರಂಬ್ ಇವೆ. ‘ಫ’ ಕೇಳಿಸಿದರೂ ಎಫ್ ಇಲ್ಲದವು ಫೋನ್, ಗ್ರಾಫ್, ಲಾಫ್, ಕಾಫ್. ಮಂಡ್ಯದವರಿಗೆ ಮರೆಯಲಾಗದ ಶುಗರ್‌ನಲ್ಲಿ ‘ಶ’ ಇದೆ, ಎಸ್ ಪಕ್ಕ ಎಚ್ ಇಲ್ಲ.

ಜೋಡಕ್ಷರದ್ದು ಇನ್ನೊಂದು ಪೇಚು. ನಮ್ಮಲ್ಲಿ ಒತ್ತು ಕೇಳಿಸಿದರೆ ಮಾತ್ರ ಒತ್ತು ಕೊಡುತ್ತೇವೆ. ಭತ್ತಕ್ಕೆ ಇಂಗ್ಲಿಷಿನಲ್ಲಿ ಹೇಳುವ ಪ್ಯಾಡಿಯಲ್ಲಿ ಎರಡು ಡಿ ಇವೆ, ಕೇಳಿಸುವುದು ಒಂದೇ. ಆದ್ದರಿಂದ ಒಂದು ಡಿ ಹಸಿರಾದ ಮಾತ್ರಕ್ಕೆ ಇನ್ನೊಂದು ಡಿ ಇರಲಾರದೆಂದು ಕೈಬಿಡಬೇಡಿ.

ಎಂಟರಲ್ಲಿ ಯಾವುದು?

ವರ್ಡಲ್‌ನಲ್ಲಿ ಹೆಚ್ಚು ಜನ ಸೋಲುವುದು ಮೇಲಿನ ಲೈಟ್, ನೈಟ್ ಗುಂಪಿನಂಥ ಕಡೆ. ಕೊನೆಯ ನಾಲ್ಕು ಮನೆ ಹಸಿರಾಗಿವೆ, ಮೂರು ಪ್ರಯತ್ನ ಉಳಿದಿವೆ, ಎಂಟು ಪದ ಎದುರಿಗಿವೆ ಎಂದುಕೊಳ್ಳಿ. ಒಂದೊಂದನ್ನೇ ಹಾಕುತ್ತಾ ಹೋದರೆ ಅದೃಷ್ಟ ಬೇಕು. ಬದಲಿಗೆ ಉತ್ತರವಾಗಲಾರದ ಪದವೊಂದನ್ನು ಬೇಕೆಂದೇ ಹಾಕಿ: ಎಫ್-ಐ-ಎಲ್-ಎಂ-ಎಸ್, ಫಿಲ್ಮ್ಸ್. ಎಫ್ ಹಸಿರಾದರೆ ಫೈಟ್. ಎಲ್, ಎಂ, ಎಸ್‌ಗಳಲ್ಲಿ ಯಾವುದು ಹಳದಿಯಾಯಿತೋ ಅದೇ ಉತ್ತರದ ಮೊದಲ ಅಕ್ಷರ. ನಾಲ್ಕೂ ಬೂದಾದರೆ ಇ-ಎನ್-ಟಿ-ಇ-ಆರ್, ಎಂಟರ್ ಹಾಕಿ. ಮೊದಲ ಇ ಹಸಿರಾದರೆ ಏಟ್, ಎನ್ ಹಳದಿಯಾದರೆ ನೈಟ್, ಆರ್ ಹಳದಿಯಾದರೆ ರೈಟ್. ಮೂರೂ ಬೂದಾದರೆ ಟೈಟ್. ನಡುವಿನ ಟಿ ಹೇಗಿದ್ದರೂ ಹಳದಿಯೇ ಆಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆರನೇ ಪ್ರಯತ್ನಕ್ಕೆ ಉತ್ತರ ಖಂಡಿತ. ಸೆಟ್ಟಿಂಗಿನಲ್ಲಿ ‘ಹಾರ್ಡ್ ಮೋಡ್’ ಹಾಕಿದ್ದರೆ ಮಾತ್ರ ಈ ಉಪಾಯ ನಡೆಯದು. ಅಲ್ಲಿ ಸಿಕ್ಕ ಅಕ್ಷರಗಳನ್ನು ಮತ್ತೆ ಬಳಸಲೇಬೇಕು.

ಅರ್ಥ ಬರೆಯುವಾಗ

ಪದ ಸಿಕ್ಕ ಮೇಲೆ ಅರ್ಥವನ್ನು ಅವಸರದಲ್ಲಿ ಗೀಚಿದರೆ ಅಷ್ಟು ಹುಡುಕಿದ್ದು ದಂಡ. ಸ್ಟಾರ್ಕ್, ಕ್ರೇನ್, ಹೆರಾನ್, ಎಗ್ರೆಟ್ ನಾಲ್ಕೂ ಐದಕ್ಷರದ ಹಕ್ಕಿಗಳು, ನಾಲ್ಕರಲ್ಲೂ ಆರ್ ಇದೆ. ಎಲ್ಲಕ್ಕೂ ‘ಕೊಕ್ಕರೆ’ ಎಂದು ಬರೆಯುವ ಮಕ್ಕಳಿದ್ದಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ ಸ್ಟಾರ್ಕ್. ಗದ್ದೆಯಲ್ಲಿ ಕಾಣುವ ಬೆಳ್ಳಕ್ಕಿ ಎಗ್ರೆಟ್. ಬಕಪಕ್ಷಿ ಹೆರಾನ್, ಕ್ರೌಂಚ ಕ್ರೇನ್. ಹಾರುವಾಗ ಕತ್ತು ಮಡಿಸಿಕೊಂಡಿದ್ದರೆ ಹೆರಾನ್ ಇಲ್ಲವೇ ಎಗ್ರೆಟ್, ನೇರ ಮುಂದಕ್ಕೆ ಚಾಚಿದ್ದರೆ ಸ್ಟಾರ್ಕ್ ಇಲ್ಲವೇ ಕ್ರೇನ್. ಅರ್ಥದ ಪಕ್ಕ ಇಂಥ ಒಂದು ಗುರುತನ್ನೂ ಬರೆಸಿ.

ಒಂದೇ ಸ್ಪೆಲ್ಲಿಂಗಿಗೆ ಎರಡು ಉಚ್ಚಾರವಿದ್ದರೆ ಎರಡು ಸಾಲು ಬೇಕು. ಡಬ್ಲ್ಯೂ-ಒ-ಯು-ಎನ್-ಡಿ ‘ವೂಂಡ್’ ಆದರೆ ಗಾಯ, ‘ವೌಂಡ್’ ಆದರೆ ಸುತ್ತಿದ. ಪದಗಳನ್ನು ಎ ಇಂದ ಝಡ್‌ವರೆಗೆ ಜೋಡಿಸುವ ಬದಲು ಜೋಡಿಗೊಂದು ಪುಟ ಕೊಡಿ: ಜಿ-ಎಚ್‌ಗೆ ಒಂದು, ಕೆ-ಎನ್‌ಗೆ ಒಂದು, ಜೋಡಕ್ಷರಕ್ಕೆ ಒಂದು. ಥೈಯಂಥ ಪದ ಜಿ-ಎಚ್ ಪುಟದಲ್ಲೂ ಟಿ-ಎಚ್ ಪುಟದಲ್ಲೂ ಇರಲಿ.