ಜಪಾನ್ ಪುಟಾಣಿಗಳು ಇಂಗ್ಲಿಷ್ ಕ್ಲಾಸಲ್ಲಿ ಬಾಯಿ ಬಿಟ್ಟಿದ್ದು ಹೀಗೆ

ಇಲ್ಲಿ ಜಪಾನಲ್ಲಿ 4-5 ವರ್ಷದ ಮಕ್ಳಿಗೆ ಇಂಗ್ಲಿಷ್ ಹೇಳ್ಕೊಡ್ತೀನಿ, ಫ್ಲಾಶ್‌ಕಾರ್ಡ್ ತೋರ್ಸಿದ್ರೆ ಒಟ್ಟಿಗೆ ಕೂಗ್ತಾವೆ, ಒಬ್ಬೊಬ್ರನ್ನೇ ಕೇಳಿದ್ರೆ ಗಪ್‌ಚುಪ್. ಫೆಬ್ರವರಿ ಶುರುವಲ್ಲಿ ಸೆತ್ಸುಬುನ್ ಹಬ್ಬ ಬರುತ್ತೆ, ಕೊಂಬಿನ ರಾಕ್ಷಸ ಓನಿಗೆ ಹುರಿದ ಸೋಯಾ ಕಾಳು ಎಸೆದು ಓಡಿಸ್ತಾರಲ್ಲ, ಅದನ್ನೇ ಥೀಮ್ ಮಾಡ್ಕೊಂಡೆ. ಕಾಳಿನ ಬದ್ಲು ಪೇಪರ್ ಉಂಡೆ (ಕಾಳು ಗಂಟ್ಲಿಗೆ ಸಿಕ್ಕೊಳುತ್ತೆ, 5 ವರ್ಷದವ್ರಿಗೂ ಅದಕ್ಕಿಂತ ಚಿಕ್ಕವ್ರಿಗೂ ಗಟ್ಟಿ ಕಾಳು ಕೊಡ್ಬೇಡಿ ಅಂತ ಇಲ್ಲಿ ಸರ್ಕಾರನೇ ಹೇಳುತ್ತೆ). ನಾನು ನೋಸ್ ಅಂದ್ರೆ ಗೋಡೆ ಮೇಲಿನ ಓನಿ ಚಿತ್ರದ ಮೂಗಿಗೇ ಹೊಡೀಬೇಕು. ಮಜಾ ಬಂತು, ಆದ್ರೆ ಮಾತು ಬರ್ಲಿಲ್ಲ. ನಿಜವಾಗ್ಲೂ ಕೆಲ್ಸ ಮಾಡಿದ್ದು ಪಾತ್ರ ಬದಲಿಸಿದ್ದು: ಮುಖವಾಡ ಹಾಕ್ಕೊಂಡು ನಾನೇ ಓನಿ, ಒಂದು ಮಗು ಟೀಚರ್, ಅದು ಇಯರ್, ಟಮ್ಮಿ ಅಂತ ಕೂಗಿದ್ರೇನೇ ಉಳಿದವ್ರು ಎಸೀಬಹುದು, ಸುಮ್ನಿದ್ರೆ ಆಟ ಬಂದ್, ಅಷ್ಟೊತ್ತು ಯಾರ್ ತಡ್ಕೋತಾರೆ! ಮಾರ್ಚ್ 3ಕ್ಕೆ ಹಿನಾ ಗೊಂಬೆ ಹಬ್ಬ, ನಮ್ ದಸರಾ ಗೊಂಬೆ ಥರಾನೇ ಮೆಟ್ಲು ಮೇಲೆ ಜೋಡಿಸ್ತಾರೆ, ಆನ್, ಅಂಡರ್, ನೆಕ್ಸ್ಟ್ ಟು ಎಲ್ಲಾ ಅದರಲ್ಲೇ ಮಾಡ್ಸೋದು.