ಬೆಳಿಗ್ಗೆ ಬಗ್ಗದ ಬೆರಳು

ಅಂಗಿಯ ಗುಂಡಿ ಹಾಕಿಕೊಳ್ಳಲು ನನಗೆ ಬೆಳಿಗ್ಗೆ ಹತ್ತು ನಿಮಿಷ ಬೇಕು. ಅದೇ ಗುಂಡಿ ಮಧ್ಯಾಹ್ನ ಚಿಟಿಕೆ ಹೊಡೆಯುವಷ್ಟರಲ್ಲಿ ಆಗುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್ ಅಂದರೇನು ಎಂದು ಯಾರಾದರೂ ಕೇಳಿದರೆ ಈಗ ಇಷ್ಟನ್ನೇ ಹೇಳುತ್ತೇನೆ. ರೋಗ ಬಾರದಂತೆ ಕಾಯಬೇಕಾದ ದೇಹದ ಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ, ಇದು ವಯಸ್ಸಾದವರ ಮಂಡಿ ಸವೆತ ಅಲ್ಲ ಎಂದೆಲ್ಲ ಮೊದಮೊದಲು ವಿವರಿಸುತ್ತಿದ್ದೆ. ಆಫೀಸಿನಲ್ಲಿ ಒಬ್ಬರ ತಲೆಗೂ ಹೋಗಲಿಲ್ಲ. ಗುಂಡಿಯ ಮಾತು ತಲೆಗೆ ಹೋಯಿತು.

ನಾನು ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಒಂದೂವರೆ ವರ್ಷ ಕಾಯಿಲೆಯನ್ನು ಮುಚ್ಚಿಟ್ಟೆ. ಅದು ನನ್ನ ತಪ್ಪೇ ಅನ್ನಿ, ಆದರೆ ಹೇಳಿದ ಮೇಲೆ ಆದದ್ದನ್ನು ನೋಡಿದರೆ ದೊಡ್ಡ ತಪ್ಪೇನಲ್ಲ ಅನಿಸುತ್ತದೆ. ‘ಮಧ್ಯಾಹ್ನ ಮೆಟ್ಟಿಲು ಹತ್ತುವಾಗ ಚೆನ್ನಾಗೇ ಇರ್ತೀರಲ್ಲ, ಬೆಳಿಗ್ಗೆ ಮಾತ್ರ ನೋವಾ?’ ಎಂದರು ಮ್ಯಾನೇಜರ್. ಅದಕ್ಕೆ ಸರಿಯಾದ ಉತ್ತರ ‘ಹೌದು’ ಎಂಬುದೇ. ಎದ್ದ ಮೇಲೆ ಒಂದು ಗಂಟೆ, ಕೆಲವೊಮ್ಮೆ ಎರಡು ಗಂಟೆ ಕೀಲು ಬಿಗಿದಿರುವುದೇ ಈ ಕಾಯಿಲೆಯ ಗುರುತು. ಆದರೆ ಅವರು ಕೇಳಿದ ಧಾಟಿಗೆ ನನ್ನ ಬಾಯಿ ಕಟ್ಟಿತು. ಬೇಗ ಎದ್ದರಾಯಿತಲ್ಲ ಎಂದವರೂ ಇದ್ದರು. ಎದ್ದು ನೋಡಿದ್ದೇನೆ, 5 ಗಂಟೆಗೆ. ಬೆಳಿಗ್ಗೆ ಉಳಿದ ಸಮಯವನ್ನು ಸಂಜೆಯ ಸುಸ್ತು ಬಡ್ಡಿ ಸಮೇತ ವಸೂಲು ಮಾಡಿತು.

ಲೇಟ್ ಮಾರ್ಕುಗಳಲ್ಲಿ ಹೆಚ್ಚಿನವು ಸೋಮವಾರದವು. ‘ಸೋಮವಾರದ ಕಾಯಿಲೆ’ ಎಂದು ಹೆಸರೂ ಇಟ್ಟರು. ಅದರ ಗುಟ್ಟು ಮಾತ್ರೆಯಲ್ಲಿತ್ತು. ಈ ಕಾಯಿಲೆಗೆ ನನಗೆ ಕೊಟ್ಟ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ನುಂಗುವ ಔಷಧಿ. ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ನಾನು ಭಾನುವಾರ ರಾತ್ರಿ ನುಂಗುತ್ತಿದ್ದೆ, ಮರುದಿನವೆಲ್ಲ ಹೊಟ್ಟೆ ತೊಳಸುತ್ತಿತ್ತು. ಡಾಕ್ಟರನ್ನು ಕೇಳಿ ಶುಕ್ರವಾರ ರಾತ್ರಿಗೆ ಬದಲಿಸಿಕೊಂಡೆ. ಸೋಮವಾರ ಹಗುರಾಯಿತು, ಹೆಸರು ಮಾತ್ರ ಹೋಗಲಿಲ್ಲ.

ನಿಜವಾಗಿ ಚುಚ್ಚಿದ್ದು ಲೇಟ್ ಮಾರ್ಕಲ್ಲ. ನಾಲ್ಕು ವರ್ಷ ನಾನೇ ನಡೆಸಿದ ಆಡಿಟ್ ಕೆಲಸವನ್ನು ‘ನಿಮ್ಮ ಒಳ್ಳೇದಕ್ಕೇ’ ಎಂದು ನನ್ನಿಂದ ತೆಗೆದು ಬೇರೆಯವರಿಗೆ ಕೊಟ್ಟರು. ವರ್ಷದ ಕೊನೆಗೆ ಅಪ್ರೈಸಲ್‌ನಲ್ಲಿ ‘ಜವಾಬ್ದಾರಿ ಹೊರುವ ಉತ್ಸಾಹ ಸಾಲದು’ ಎಂದು ಬರೆದರು. ಕಿತ್ತುಕೊಂಡವರೇ ಕೈ ಖಾಲಿ ಎಂದರೆ ಏನು ಹೇಳುವುದು? ಅವತ್ತು ರಾತ್ರಿ ಎರಡು ಪುಟದ ಮೇಲ್ ಬರೆದು ಕಳಿಸಿಬಿಟ್ಟೆ. ಕಳಿಸಬಾರದಿತ್ತು. ಮುಂದೆ ಪ್ರತಿ ಮಾತುಕತೆಯಲ್ಲೂ ನನ್ನ ದೂರು ಹಿಂದೆ ಸರಿದು ಆ ಮೇಲ್‌ನ ಭಾಷೆಯೇ ಚರ್ಚೆಯಾಯಿತು.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ತಾರೀಕು, ಯಾರು ಏನು ಅಂದರು, ಪಕ್ಕದಲ್ಲಿ ಯಾರಿದ್ದರು, ಅವತ್ತು ಎಷ್ಟು ವೋಚರ್ ಮುಗಿಸಿದೆ. ಬೈಗುಳ, ನೋವು ಯಾವುದೂ ಬೇಡ ಎಂದು ನನಗೆ ನಾನೇ ಷರತ್ತು ಹಾಕಿಕೊಂಡಿದ್ದೆ. ಮೂರು ತಿಂಗಳಿಗೆ ಒಂದು ಸಂಗತಿ ಕಂಡಿತು: ತಡವಾಗಿ ಬಂದ ದಿನಗಳಲ್ಲೂ ನನ್ನ ವೋಚರುಗಳ ಸಂಖ್ಯೆ ಕಡಿಮೆಯಾಗಿರಲಿಲ್ಲ.

ಡಾಕ್ಟರ ಪತ್ರದ ವಿಷಯದಲ್ಲಿ ಎಡವಿದ್ದನ್ನೂ ಹೇಳಬೇಕು. ಮೊದಲ ಪತ್ರದಲ್ಲಿ ಕಾಯಿಲೆಯ ಹೆಸರು, ಕೆಳಗೆ ‘ವಿಶ್ರಾಂತಿ ಅಗತ್ಯ’. ‘ಹಾಗಾದರೆ ಮನೇಲಿ ವಿಶ್ರಾಂತಿ ತಗೊಳ್ಳಿ’ ಎಂದರು ಆಫೀಸಿನಲ್ಲಿ! ಎರಡನೇ ಸಲ ಡಾಕ್ಟರ ಮುಂದೆ ನೋಟ್‌ಬುಕ್ ಇಟ್ಟು, ಕಾಯಿಲೆಗಿಂತ ಕೆಲಸದ ಬಗ್ಗೆ ಬರೆದುಕೊಡಿ ಎಂದು ಕೇಳಿದೆ. ಎದ್ದ ಮೊದಲ ಎರಡು ಗಂಟೆ ಬೆರಳಿನ ಹಿಡಿತ ಇರುವುದಿಲ್ಲ. 10:30ಕ್ಕೆ ಶುರುಮಾಡಿದರೆ ಪೂರ್ತಿ ದಿನದ ಕೆಲಸಕ್ಕೆ ಅಡ್ಡಿಯಿಲ್ಲ. ಈ ಔಷಧಿಗೆ ಲಿವರ್ ಮತ್ತು ರಕ್ತಕಣಗಳ ತಪಾಸಣೆ ಆಗಾಗ ಮಾಡಿಸಬೇಕು, ಅದಕ್ಕೆ ಅರ್ಧ ದಿನ ಬೇಕು. ಮೂರೇ ಸಾಲು. ಕಾಯಿಲೆಯ ಹೆಸರೂ ಇರಲಿಲ್ಲ.

ಎಚ್‌ಆರ್ ಜೊತೆ ಕೂತಾಗ ಆ ಪತ್ರ, ವೋಚರಿನ ಲೆಕ್ಕ, ಒಂದು ಕೋರಿಕೆ: 9:30ರ ಬದಲು 10:30, ಸಂಜೆ ಒಂದು ಗಂಟೆ ಹೆಚ್ಚು, ಮೂರು ತಿಂಗಳು ನೋಡಿ. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ, ಸಮಂಜಸ ಹೊಂದಾಣಿಕೆಯನ್ನು, ಅಂದರೆ ಅವರಿಗೆ ಬೇಕಾದ ನ್ಯಾಯವಾದ ಬದಲಾವಣೆ ಮಾಡಿಕೊಡುವುದನ್ನು, ನಿರಾಕರಿಸುವುದೂ ತಾರತಮ್ಯವೇ ಎಂದಿದೆ. ಓದಿಕೊಂಡು ಹೋಗಿದ್ದೆ, ಆದರೆ ಬಾಯಿಬಿಡಲಿಲ್ಲ. ದೀರ್ಘಕಾಲದ ಕಾಯಿಲೆಗಳಲ್ಲಿ ಯಾವುದು ಅಂಗವೈಕಲ್ಯ ಎಂಬುದು ಒಂದೊಂದು ದೇಶದ ಕಾನೂನಿನಲ್ಲಿ ಒಂದೊಂದು ಥರ ಇದೆ. ಕಾನೂನು ಎತ್ತಿದ ಕೂಡಲೇ ಎದುರಿನವರು ವಕೀಲರ ಮುಖ ಮಾಡುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಮೀಟಿಂಗ್ ಮುಗಿದ ಅರ್ಧ ಗಂಟೆಯಲ್ಲಿ ‘ನಾವು ಒಪ್ಪಿಕೊಂಡದ್ದು ಇಷ್ಟು’ ಎಂದು ನಾಲ್ಕು ಸಾಲಿನ ಮೇಲ್ ಹಾಕಿದೆ. ಆ ಮೇಲ್ ಇಲ್ಲದಿದ್ದರೆ ಮುಂದಿನ ತಿಂಗಳೇ ‘ಹಾಗೆ ಯಾರು ಹೇಳಿದರು?’ ಎಂಬ ಮಾತು ಬರುತ್ತಿತ್ತು. ಬಂದೂ ಬಂತು, ಮೇಲ್ ತೋರಿಸಿದೆ.

ಸಮಯ ಸಿಕ್ಕಿತು. ಅಪ್ರೈಸಲ್‌ನ ಆ ಸಾಲು ಹಾಗೇ ಇದೆ, ಆಡಿಟ್ ಕೆಲಸವೂ ವಾಪಸ್ ಬಂದಿಲ್ಲ. ಈಗ ಅದನ್ನು ನೋಡಿಕೊಳ್ಳುವ ಹುಡುಗ ಹಳೆಯ ಫೈಲ್ ಹಿಡಿದು ವಾರಕ್ಕೆರಡು ಸಲ ನನ್ನ ಮೇಜಿನ ಹತ್ತಿರ ಬರುತ್ತಾನೆ. ಪಾಪ, ಅವನದೇನು ತಪ್ಪು, ಹೇಳಿಕೊಡುತ್ತೇನೆ. ಅವನು ಹೋದ ಮೇಲೆ ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತೇನೆ: ಆಡಿಟ್, ನಲವತ್ತು ನಿಮಿಷ.